ತಿರುಗದ ಚೆಂಡಿನ ಲೆಗ್ ಸ್ಪಿನ್ನರ್

ಅನಿಲ್ ಕುಂಬ್ಳೆ ಹುಟ್ಟಿದ್ದು 1970ರ ಅಕ್ಟೋಬರ್ 17ರಂದು, ಬೆಂಗಳೂರಿನಲ್ಲಿ. ಮನೆತನದ ಹೆಸರು ಬಂದದ್ದು ಕಾಸರಗೋಡು ಸೀಮೆಯ ಕುಂಬಳೆಯಿಂದ. ಯಕ್ಷಗಾನ ಬಲ್ಲವರಿಗೆ ಅದು ಪ್ರಸಂಗಕರ್ತ ಪಾರ್ತಿಸುಬ್ಬನ ಊರು; 1990ರ ನಂತರ ಆ ಹೆಸರು ಕೇಳಿದೊಡನೆ ಬೇರೆಯವರಿಗೆಲ್ಲ ನೆನಪಾಗತೊಡಗಿದ್ದು ಕ್ರಿಕೆಟ್. ಹುಡುಗ ಓದಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ, ಪಿಯುಸಿ ನ್ಯಾಷನಲ್ ಕಾಲೇಜಿನಲ್ಲಿ, ಆಮೇಲೆ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್. ದಕ್ಷಿಣ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಆ ಕಾಲಕ್ಕೆ ಒಂದು ಅಲಿಖಿತ ಕರಾರು ಇತ್ತು: ಅಂಕ ಬರುತ್ತಿರುವ ತನಕ ಆಟಕ್ಕೆ ಅಡ್ಡಿಯಿಲ್ಲ. ಸ್ಪಿನ್ನರ್ ಎರಪಳ್ಳಿ ಪ್ರಸನ್ನ ಎಂಜಿನಿಯರಿಂಗ್ ಮುಗಿಸಲೆಂದು ಟೆಸ್ಟ್ ಕ್ರಿಕೆಟ್‌ನಿಂದ ವರ್ಷಗಟ್ಟಲೆ ದೂರ ಉಳಿದು ಮತ್ತೆ ಬಂದವರು. ಮೈಸೂರಿನ ಜಾವಗಲ್ ಶ್ರೀನಾಥ್ ಕೂಡ ಎಂಜಿನಿಯರಿಂಗ್ ಪದವೀಧರ. ಪದವಿ ಕೈಯಲ್ಲಿರಲಿ, ಚೆಂಡು ಆಮೇಲೆ ಎನ್ನುವ ಈ ಎಚ್ಚರಿಕೆಯನ್ನು ಮುಂಬಯಿಯವರು ಗೇಲಿ ಮಾಡಿದರೂ ಕರ್ನಾಟಕಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ.

ಬೀದಿಯ ಆಟ ಮುಗಿಸಿ ಕುಂಬ್ಳೆ 13ನೇ ವಯಸ್ಸಿನಲ್ಲಿ ಸೇರಿದ್ದು ಯಂಗ್ ಕ್ರಿಕೆಟರ್ಸ್ ಎಂಬ ಕ್ಲಬ್ಬಿಗೆ. ಆಗ ಅವರು ಮಧ್ಯಮ ವೇಗದ ಬೌಲರ್, ಜೊತೆಗೆ ಒಳ್ಳೆಯ ಬ್ಯಾಟ್ಸ್‌ಮನ್. ಲೆಗ್ ಸ್ಪಿನ್ ಹಾಕಿ ನೋಡು ಎಂದು ಹಾದಿ ಬದಲಿಸಿದವರು ಅಣ್ಣ ದಿನೇಶ್. ಹಾದಿ ಬದಲಾಯಿತು, ನಡಿಗೆ ಬದಲಾಗಲಿಲ್ಲ. ವೇಗದ ಬೌಲರನ ಉದ್ದನೆಯ ಓಟ, ಕಿವಿಗೆ ತಾಗುವಂತೆ ನೇರ ಮೇಲೆದ್ದ ತೋಳು, ಚೆಂಡನ್ನು ನೆಲಕ್ಕೆ ಬಡಿಯುವ ಬಲ ಇವೆಲ್ಲ ಹಾಗೆಯೇ ಉಳಿದು, ಮೇಲೆ ಲೆಗ್ ಸ್ಪಿನ್ನರನ ಹಿಡಿತ ಬಂದು ಕೂತಿತು. ಬೆಂಗಳೂರಿನ ಲೀಗ್ ಪಂದ್ಯಗಳು ಆಗ ಬಹುಪಾಲು ನಡೆಯುತ್ತಿದ್ದದ್ದು ಮ್ಯಾಟಿಂಗ್ ಮೇಲೆ. ನಾರಿನ ಚಾಪೆಯ ಮೇಲೆ ಎತ್ತರದ ಹುಡುಗ ಬಿರುಸಾಗಿ ಹಾಕಿದ ಚೆಂಡು ಬ್ಯಾಟ್ಸ್‌ಮನ್ನನ ಬೆರಳು, ಪಕ್ಕೆ ಹುಡುಕಿಕೊಂಡು ಹೋಗುತ್ತದೆ. ಗಾಳಿಯಲ್ಲಿ ತೇಲಿಸಿ, ಆಸೆ ತೋರಿಸಿ, ಮುಂದೆ ಬಂದವನನ್ನು ಕೆಡಹುವ ಹಳೆಯ ಪಾಠ ಕಲಿಯಬೇಕಾದ ಅಗತ್ಯವೇ ಅಲ್ಲಿ ಬೀಳಲಿಲ್ಲ.

ಇದಕ್ಕೊಂದು ಪೂರ್ವಪರಂಪರೆಯೂ ಇತ್ತು. ಕರ್ನಾಟಕದವರೇ ಆದ ಬಿ.ಎಸ್. ಚಂದ್ರಶೇಖರ್ ಅವರ ಲೆಗ್ ಸ್ಪಿನ್ ಕೂಡ ವೇಗದ್ದೇ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿಕೊಟ್ಟದ್ದು ಅದೇ ಕೈ. ಹಾಗಾಗಿ ಬೆಂಗಳೂರಿನಲ್ಲಿ ಯಾರೂ ಈ ಹುಡುಗನನ್ನು ಹಿಡಿದು ನಿಲ್ಲಿಸಿ, ಲೆಗ್ ಸ್ಪಿನ್ ಹೀಗಲ್ಲ ಎಂದು ತಿದ್ದಲು ಹೋಗಲಿಲ್ಲ. ಬೇರೊಂದು ಊರಿನಲ್ಲಿ ಹುಟ್ಟಿದ್ದರೆ ಹದಿನೈದರ ಹೊತ್ತಿಗೆ ಅವರ ವೇಗವನ್ನು ಯಾರಾದರೂ ಕೋಚ್ ಅರ್ಧಕ್ಕಿಳಿಸಿಬಿಡುತ್ತಿದ್ದರೋ ಏನೋ. ಕುಂಬ್ಳೆಯ ಆರಂಭದ ವರ್ಷಗಳಲ್ಲಿ ಈ ನಗರ ಅವರಿಗೆ ಮಾಡಿದ ದೊಡ್ಡ ಉಪಕಾರ ಅದು.

1989ರ ನವೆಂಬರ್ 30ರಂದು ಹೈದರಾಬಾದ್ ವಿರುದ್ಧ ಕರ್ನಾಟಕದ ಪರ ಮೊದಲ ರಣಜಿ ಪಂದ್ಯ ಆರಂಭವಾಯಿತು. ನಾಲ್ಕು ವಿಕೆಟ್ ಬಂದವು. ಬ್ಯಾಟಿಂಗ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ ಸೊನ್ನೆ. ಅದಾದ ಮೇಲೆ ಪಾಕಿಸ್ತಾನದ 19 ವರ್ಷದೊಳಗಿನವರ ತಂಡದ ವಿರುದ್ಧ ಆಡಲು ಕರೆ ಬಂತು. ಅಲ್ಲಿ ಮೊದಲ ಟೆಸ್ಟ್‌ನಲ್ಲಿ 113, ಎರಡನೆಯದರಲ್ಲಿ 76 ರನ್ ಹೊಡೆದರು. ಬೌಲರ್ ಎಂದು ಆಯ್ಕೆಯಾದ ಹುಡುಗ ಬ್ಯಾಟಿನಿಂದ ಹೆಸರು ಮಾಡಿದ. (ಹಿರಿಯರ ಟೆಸ್ಟ್‌ನಲ್ಲಿ ಅವರ ಏಕೈಕ ಶತಕ ಬರಲು 2007ರ ತನಕ ಕಾಯಬೇಕಾಯಿತು.) ರಣಜಿ ಆಡಲಿಳಿದು ಐದು ತಿಂಗಳು ತುಂಬುವ ಮೊದಲೇ, 1990ರ ಏಪ್ರಿಲ್ 25ರಂದು ಶಾರ್ಜಾದಲ್ಲಿ ಶ್ರೀಲಂಕಾ ವಿರುದ್ಧ ಏಕದಿನ ಪಂದ್ಯದಲ್ಲಿ ಭಾರತದ ಅಂಗಿ ತೊಟ್ಟಾಗಿತ್ತು. ಅದೇ ಬೇಸಿಗೆಯಲ್ಲಿ ಇಂಗ್ಲೆಂಡ್ ಪ್ರವಾಸ.

ಟೆಸ್ಟ್ ಪದಾರ್ಪಣೆ ಆಗಸ್ಟ್ 9ರಂದು, ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ. ಕನ್ನಡಕ ಹಾಕಿಕೊಂಡು, ಮೀಸೆ ಬಿಟ್ಟು ಬೌಲಿಂಗ್ ಮಾಡಲು ಬಂದ 19ರ ಹುಡುಗ ಟೆಸ್ಟ್ ಆಟಗಾರನಿಗಿಂತ ಪರೀಕ್ಷೆ ಬರೆಯಲು ಹೊರಟ ವಿದ್ಯಾರ್ಥಿಯಂತೆಯೇ ಹೆಚ್ಚಾಗಿ ಕಾಣುತ್ತಿದ್ದ. ಗೂಚ್, ಅಥರ್ಟನ್, ರಾಬಿನ್ ಸ್ಮಿತ್ ಮೂವರೂ ಶತಕ ಹೊಡೆದ ಆ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 519 ರನ್ ಪೇರಿಸಿತು. ಕುಂಬ್ಳೆಗೆ 105 ರನ್ನಿಗೆ 3 ವಿಕೆಟ್. ಮೊದಲನೆಯದು ಅಲನ್ ಲ್ಯಾಂಬ್, ಸಂಜಯ್ ಮಂಜ್ರೇಕರ್ ಹಿಡಿದ ಕ್ಯಾಚ್. ಈ ಲ್ಯಾಂಬ್ ಮುಂದೆ ಬೇರೊಂದು ಪಾತ್ರದಲ್ಲಿ ಮತ್ತೆ ಬರುತ್ತಾರೆ. ಎರಡನೆಯ ಇನಿಂಗ್ಸ್‌ನಲ್ಲಿ ವಿಕೆಟ್ ಸಿಗಲಿಲ್ಲ. ಜನ ಆ ಪಂದ್ಯವನ್ನು ನೆನಪಿಟ್ಟುಕೊಂಡದ್ದು 17ರ ಸಚಿನ್ ತೆಂಡೂಲ್ಕರ್ ಔಟಾಗದೆ 119 ಹೊಡೆದು ಸೋಲು ತಪ್ಪಿಸಿದ್ದಕ್ಕೆ. ಓವಲ್‌ನ ಮುಂದಿನ ಟೆಸ್ಟ್‌ಗೆ ಕುಂಬ್ಳೆ ಹೊರಗೆ. ಅಲ್ಲಿ ನರೇಂದ್ರ ಹಿರ್ವಾನಿ ಎರಡನೆಯ ಇನಿಂಗ್ಸ್‌ನಲ್ಲಿ ಒಂದೇ ತುದಿಯಿಂದ 59 ಓವರ್ ಎಡೆಬಿಡದೆ ಹಾಕಿ ಎಲ್ಲರನ್ನೂ ಬೆರಗುಗೊಳಿಸಿದರು.

ಹಿರ್ವಾನಿಯ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. 1988ರ ಜನವರಿಯಲ್ಲಿ ಮದ್ರಾಸಿನ ತಮ್ಮ ಮೊದಲ ಟೆಸ್ಟ್‌ನಲ್ಲೇ ವೆಸ್ಟ್ ಇಂಡೀಸ್‌ನ 16 ವಿಕೆಟ್ ಕಿತ್ತವರು ಅವರು. ಗಾಳಿಯಲ್ಲಿ ತೇಲಿ ಬಂದು, ನೆಲ ಮುಟ್ಟಿದೊಡನೆ ಗೇಣುದ್ದ ತಿರುಗುವ ಚೆಂಡು. ಲೆಗ್ ಸ್ಪಿನ್ ಅಂದರೆ ಅದು ಎಂದು ದೇಶವೆಲ್ಲ ನಂಬಿದ್ದ ಹೊತ್ತಿನಲ್ಲಿ ಕುಂಬ್ಳೆ ಬಂದರು. ಇವರ ಚೆಂಡು ತಿರುಗುವುದೇ ಇಲ್ಲವಲ್ಲ ಎನ್ನುವ ಗೊಣಗು ಅಂದೇ ಶುರುವಾಯಿತು. ಆಡಿಕೊಂಡವರು ಕಂಡದ್ದು ಸುಳ್ಳೇನಲ್ಲ. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ತಪ್ಪಾಗಿತ್ತು.

ಕುಂಬ್ಳೆಯ ಬೌಲಿಂಗ್ ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಂಪ್ರದಾಯಿಕ ಲೆಗ್ ಸ್ಪಿನ್ನರ್ ಮಣಿಕಟ್ಟನ್ನು ಪಕ್ಕಕ್ಕೆ ತಿರುವಿ ಚೆಂಡಿಗೆ ಅಡ್ಡ ಸುತ್ತು ಕೊಡುತ್ತಾನೆ. ಬಿದ್ದ ಚೆಂಡು ಬಲಗೈ ಬ್ಯಾಟ್ಸ್‌ಮನ್ನನಿಂದ ಆಚೆಗೆ ಸಿಡಿಯುತ್ತದೆ. ಕುಂಬ್ಳೆಯ ತೋಳು ತಲೆಯ ಮೇಲಿನಿಂದ ನೇರ ಇಳಿಯುತ್ತಿದ್ದುದರಿಂದ ಚೆಂಡು ಹೆಚ್ಚಾಗಿ ಮುಂದಕ್ಕೇ ಉರುಳಿಕೊಳ್ಳುತ್ತಿತ್ತು. ಅದರ ಫಲ ಪಕ್ಕದ ತಿರುವಿಗಿಂತ ಮೇಲ್ಮುಖದ ಪುಟಿತ. ಗ್ಲೌಸಿಗೆ ಬಡಿದು ಶಾರ್ಟ್ ಲೆಗ್‌ಗೋ ಸಿಲ್ಲಿ ಪಾಯಿಂಟ್‌ಗೋ ಹಾರುವ ಕ್ಯಾಚು ಹುಟ್ಟುವುದು ಹಾಗೆ. ಇದಕ್ಕೆ ಜೊತೆಯಾದದ್ದು ಫ್ಲಿಪ್ಪರ್. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಚೆಂಡನ್ನು ಹಿಸುಕಿ, ಅಡಿಯಿಂದ ಚಿಮ್ಮಿಸಿ ಬಿಡುವ ಎಸೆತ ಅದು. ಸುತ್ತು ಹಿಮ್ಮುಖ, ಹಾಗಾಗಿ ನೆಲಕ್ಕೆ ಬಿದ್ದ ಚೆಂಡು ಏಳುವ ಬದಲು ಜಾರುತ್ತದೆ. ಹಿಂದಿನ ಎಸೆತ ಎದೆಯ ಮಟ್ಟಕ್ಕೆ ಎದ್ದದ್ದನ್ನು ಕಂಡ ಬ್ಯಾಟ್ಸ್‌ಮನ್ ಇದನ್ನೂ ಹಿಂದೆ ಸರಿದು ಆಡಲು ಹೋಗುತ್ತಾನೆ. ಚೆಂಡು ಮೊಣಕಾಲಿನ ಕೆಳಗೆ ನುಗ್ಗಿ ಪ್ಯಾಡಿಗೋ ಸ್ಟಂಪಿಗೋ ಬಡಿಯುತ್ತದೆ. ಗೂಗ್ಲಿಯೂ ಬತ್ತಳಿಕೆಯಲ್ಲಿತ್ತು. ಎಲ್ಲವೂ ಒಂದೇ ವೇಗದಲ್ಲಿ, ಒಂದೇ ಜಾಗದಲ್ಲಿ, ಸ್ಟಂಪಿನ ನೇರಕ್ಕೇ ಬೀಳುತ್ತಿದ್ದವು. ಬ್ಯಾಟ್ ತಪ್ಪಿದರೆ ಔಟ್, ಅಷ್ಟೇ. ಗೇಣುದ್ದ ತಿರುಗಿದ ಚೆಂಡು ಬ್ಯಾಟಿನ ಅಂಚನ್ನೂ ತಪ್ಪಿಸಿ ಹೋಗುತ್ತದೆ; ಎರಡು ಬೆರಳಿನಷ್ಟು ಸರಿದದ್ದು ಅಂಚಿಗೇ ತಾಗುತ್ತದೆ. ಈ ಸರಳ ಲೆಕ್ಕ ಆಯ್ಕೆದಾರರಿಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷ ಭಾರತ ಆಡಿದ ಟೆಸ್ಟ್‌ಗಳೂ ಕಡಿಮೆಯೇ. ಮ್ಯಾಂಚೆಸ್ಟರ್ ಮತ್ತು 1992ರ ಅಕ್ಟೋಬರ್ ನಡುವೆ ಓವಲ್‌ನದ್ದು ಒಂದು, ಚಂಡೀಗಢದಲ್ಲಿ ಶ್ರೀಲಂಕಾ ವಿರುದ್ಧ ಒಂದು, 1991-92ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಐದು: ಒಟ್ಟು ಏಳು. ಆಸ್ಟ್ರೇಲಿಯಾಕ್ಕೆ ಕುಂಬ್ಳೆ ಹೋಗಲಿಲ್ಲ. ಅದೇ ಸರಣಿಯ ಸಿಡ್ನಿ ಟೆಸ್ಟ್‌ನಲ್ಲಿ ಶೇನ್ ವಾರ್ನ್ ಎಂಬ ದಪ್ಪಗಿನ ಹುಡುಗ ಮೊದಲ ಬಾರಿಗೆ ಬೌಲಿಂಗ್ ಮಾಡಿ, 150 ರನ್ ಕೊಟ್ಟು ರವಿ ಶಾಸ್ತ್ರಿಯವರ ಒಂದೇ ವಿಕೆಟ್ ಪಡೆದ. ಅಷ್ಟರಲ್ಲಿ ಶಾಸ್ತ್ರಿ 206 ಹೊಡೆದಾಗಿತ್ತು. ಮುಂದಿನ ದಶಕವನ್ನು ಆಳಿದ ಇಬ್ಬರು ಲೆಗ್ ಸ್ಪಿನ್ನರುಗಳಲ್ಲಿ ಒಬ್ಬ ಆ ದಿನ ಪೆಟ್ಟು ತಿನ್ನುತ್ತಿದ್ದ, ಇನ್ನೊಬ್ಬನಿಗೆ ಪ್ರವಾಸಿ ತಂಡದಲ್ಲೇ ಜಾಗವಿರಲಿಲ್ಲ. ಬೆಂಗಳೂರಿನಲ್ಲಿ ಅಂಥ ಆಟಗಾರನ ದಿನಚರಿ ಊಹಿಸುವುದು ಕಷ್ಟವಲ್ಲ: ರಣಜಿ, ದುಲೀಪ್, ಲೀಗ್ ಪಂದ್ಯ, ಉಳಿದಂತೆ ಕಾಲೇಜು. ಎಂಜಿನಿಯರಿಂಗ್ ಪದವಿ ಕೈಗೆ ಬಂದದ್ದು ಈ ಅವಧಿಯಲ್ಲೇ. ಆಟಗಾರರ ಹರಾಜು, ವಾರ್ಷಿಕ ಗುತ್ತಿಗೆ ಯಾವುದೂ ಇಲ್ಲದ ಕಾಲ. ಒಳ್ಳೆಯ ಆಟಗಾರನಿಗೆ ಬ್ಯಾಂಕಿನಲ್ಲೋ ಸರ್ಕಾರಿ ಉದ್ದಿಮೆಯಲ್ಲೋ ಸಿಗುವ ನೌಕರಿಯೇ ಭದ್ರತೆ. 20ರ ವಯಸ್ಸಿನಲ್ಲಿ ಭಾರತ ತಂಡದಿಂದ ಹೊರಬಿದ್ದವನಿಗೆ ಪದವಿ ಪ್ರಮಾಣಪತ್ರಕ್ಕಿಂತ ದೊಡ್ಡ ಆಸರೆ ಇನ್ನೊಂದಿರಲಿಲ್ಲ.

ಈ ಅವಧಿಯಲ್ಲಿ ಅವರು ತಮ್ಮ ಬೌಲಿಂಗನ್ನು ಹಿರ್ವಾನಿಯ ಅಚ್ಚಿಗೆ ಎರಕ ಹೊಯ್ಯಲು ಹೋಗಲಿಲ್ಲ ಎಂಬುದೇ ಈ ಕಥೆಯಲ್ಲಿ ಮುಖ್ಯವಾದ ಸಂಗತಿ. ತಂಡದಿಂದ ಕೈಬಿಟ್ಟ ಎಳೆಯ ಬೌಲರ್ ಮೊದಲು ಅನುಮಾನಿಸುವುದು ತನ್ನನ್ನೇ. ಸಲಹೆ ಕೊಡುವವರಿಗೂ ಆಗ ಬರವಿರುವುದಿಲ್ಲ. ಕುಂಬ್ಳೆ ಇದ್ದದ್ದನ್ನೇ ಬಿಗಿಗೊಳಿಸಿದರು: ಅಳತೆ ಇನ್ನಷ್ಟು ಕರಾರುವಾಕ್ಕಾಯಿತು, ಸಡಿಲ ಎಸೆತ ಕಡಿಮೆಯಾಯಿತು.

ಬಾಗಿಲು ತೆರೆದದ್ದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ, 1992ರ ಇರಾನಿ ಟ್ರೋಫಿ ಪಂದ್ಯದಲ್ಲಿ. ಎದುರಿಗೆ ದೆಹಲಿ, ಕುಂಬ್ಳೆ ಆಡಿದ್ದು ಶೇಷ ಭಾರತದ ಪರ. ಕೋಟ್ಲಾದ ಪಿಚ್‌ನಲ್ಲಿ ಕೆಲವು ಕಡೆ ಚೆಂಡು ಬಿದ್ದರೆ ಒಮ್ಮೆಲೇ ಮೇಲೇಳುತ್ತಿತ್ತು. ಮಿಡ್ ಆನ್‌ನಲ್ಲಿ ನಿಂತಿದ್ದ ನವಜೋತ್ ಸಿಧು ಒಂದು ಎಸೆತ ಹಾಗೆ ಎಗರಿದ್ದನ್ನು ನೋಡಿ ಜಂಬೊ ಜೆಟ್ ಎಂದು ಕೂಗಿದರಂತೆ. ಜೆಟ್ ಉದುರಿಹೋಯಿತು, ಜಂಬೊ ಉಳಿಯಿತು. ಆಟಗಾರನ ದೊಡ್ಡ ಪಾದಗಳಿಂದ ಆ ಹೆಸರು ಬಂತೆಂದು ಬೆಂಗಳೂರಿನಲ್ಲಿ ಎಷ್ಟೋ ಜನ ಇಂದಿಗೂ ವಾದಿಸುತ್ತಾರೆ. ಪಂದ್ಯದಲ್ಲಿ ಬಂದದ್ದು 13 ವಿಕೆಟ್. ಇನ್ನು ಆಯ್ಕೆದಾರರಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಜಿಂಬಾಬ್ವೆ ಮತ್ತು ದಕ್ಷಿಣ ಆಫ್ರಿಕಾ ಪ್ರವಾಸದ ತಂಡದಲ್ಲಿ ಕುಂಬ್ಳೆಯ ಹೆಸರಿತ್ತು. ಏಳು ವರ್ಷದ ನಂತರ, 1999ರ ಫೆಬ್ರುವರಿಯಲ್ಲಿ, ಪಾಕಿಸ್ತಾನದ ಹತ್ತೂ ವಿಕೆಟ್ ಒಂದೇ ಇನಿಂಗ್ಸ್‌ನಲ್ಲಿ ಸಿಕ್ಕಿದ್ದೂ ಇದೇ ಮೈದಾನದಲ್ಲಿ.

ಹರಾರೆಯಲ್ಲಿ ಜಿಂಬಾಬ್ವೆ ತನ್ನ ಚೊಚ್ಚಲ ಟೆಸ್ಟ್ ಆಡಿತು, ಕುಂಬ್ಳೆ ತಮ್ಮ ಎರಡನೆಯದನ್ನು. ಅಲ್ಲಿಂದ ದಕ್ಷಿಣ ಆಫ್ರಿಕಾ. ವರ್ಣಭೇದದ ಬಹಿಷ್ಕಾರ ಮುಗಿದ ಮೇಲೆ ಆ ದೇಶಕ್ಕೆ ಟೆಸ್ಟ್ ಆಡಲು ಹೋದ ಮೊದಲ ತಂಡ ಭಾರತ. ಜೊಹಾನೆಸ್‌ಬರ್ಗ್‌ನ ವಾಂಡರರ್ಸ್ ಮೈದಾನ ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿದೆ. ಅದು ವೇಗಿಗಳ ಸ್ವತ್ತು, ಸ್ಪಿನ್ನರಿಗೆ ಅಲ್ಲಿ ಸಾಮಾನ್ಯವಾಗಿ ಚಹಾ ವಿರಾಮದವರೆಗೆ ಓವರ್ ತುಂಬಿಸುವ ಕೆಲಸ. ಆದರೆ ವೇಗಿಗೆ ಪುಟಿತ ಕೊಡುವ ನೆಲ ಕುಂಬ್ಳೆಗೂ ಕೊಟ್ಟಿತು. ಎರಡನೆಯ ಇನಿಂಗ್ಸ್‌ನಲ್ಲಿ 40ಕ್ಕೂ ಹೆಚ್ಚು ಓವರ್ ಹಾಕಿ, 53 ರನ್ನಿಗೆ 6 ವಿಕೆಟ್. ಸರಣಿಯನ್ನು ಭಾರತ 0-1ರಿಂದ ಸೋತಿತು. ನಾಲ್ಕು ಟೆಸ್ಟ್‌ಗಳಲ್ಲಿ ಕುಂಬ್ಳೆಗೆ 18 ವಿಕೆಟ್ ಸಿಕ್ಕಿದ್ದು ಆ ಸೋಲಿನ ಸುದ್ದಿಯ ನಡುವೆ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ.

ಗಮನಿಸಲೆಂದೇ ಬಂದಿದ್ದವರೂ ಒಬ್ಬರಿದ್ದರು. ಮುಂದೆ ಭಾರತಕ್ಕೆ ಬರಲಿದ್ದ ಇಂಗ್ಲೆಂಡ್ ತಂಡದ ಮ್ಯಾನೇಜರ್ ಕೀತ್ ಫ್ಲೆಚರ್, ಎದುರಾಳಿಯನ್ನು ಅಳೆಯಲು ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದರು. ಕುಂಬ್ಳೆಯ ಚೆಂಡು ಲೆಗ್‌ನಿಂದ ಆಫ್ ಕಡೆಗೆ ತಿರುಗಿದ್ದನ್ನು ತಾವು ಕಾಣಲಿಲ್ಲ, ಅವರಿಂದ ಹೆಚ್ಚಿನ ತೊಂದರೆಯಾಗದು ಎಂಬುದು ಅವರ ವರದಿಯ ಸಾರ. ಸ್ವತಃ ಟೆಸ್ಟ್ ಬ್ಯಾಟ್ಸ್‌ಮನ್ ಆಗಿದ್ದ, ಇಂಗ್ಲೆಂಡ್ ನಾಯಕತ್ವ ವಹಿಸಿದ್ದ ವ್ಯಕ್ತಿ ಹೀಗೆ ಬರೆದದ್ದು ಕ್ರಿಕೆಟ್ ಇತಿಹಾಸದ ದುಬಾರಿ ವರದಿಗಳಲ್ಲೊಂದು. 1993ರ ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಕಲ್ಕತ್ತ, ಮದ್ರಾಸು, ಬೊಂಬಾಯಿಯಲ್ಲಿ ನಡೆದ ಮೂರೂ ಟೆಸ್ಟ್‌ಗಳನ್ನು ಇಂಗ್ಲೆಂಡ್ ಸೋತಿತು. ಮದ್ರಾಸಿನ ಎರಡನೆಯ ಇನಿಂಗ್ಸ್‌ನಲ್ಲಿ ಕುಂಬ್ಳೆ 64ಕ್ಕೆ 6. ಸರಣಿಯಲ್ಲಿ 21 ವಿಕೆಟ್, ತಲಾ 20 ರನ್ನಿಗೂ ಕಡಿಮೆ. ವೆಂಕಟಪತಿ ರಾಜು, ರಾಜೇಶ್ ಚೌಹಾಣ್ ಜೊತೆಗೂಡಿದ ಆ ಸ್ಪಿನ್ ತ್ರಿವಳಿಯ ಮುಂದೆ ಕಾಲು ಮುಂದಿಡುವುದೋ ಹಿಂದಿಡುವುದೋ ಎಂದು ಇಂಗ್ಲಿಷರು ನಿರ್ಧರಿಸುವಷ್ಟರಲ್ಲಿ ಅಂಪೈರ್ ಬೆರಳೆತ್ತಿರುತ್ತಿದ್ದರು. ಸೋಲಿಗೆ ಕಲ್ಕತ್ತದ ಹೊಗೆಮಂಜು, ಮದ್ರಾಸಿನ ಸಿಗಡಿ ಎಂದೆಲ್ಲ ಕಾರಣಗಳು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಬಂದವು.

ಅದರ ಬೆನ್ನಿಗೇ, ಮಾರ್ಚ್‌ನಲ್ಲಿ ದೆಹಲಿಯಲ್ಲಿ ಜಿಂಬಾಬ್ವೆ ವಿರುದ್ಧ ಹತ್ತನೆಯ ಟೆಸ್ಟ್ ಆಡುವಾಗ 50 ವಿಕೆಟ್ ಪೂರೈಸಿದರು. ಭಾರತೀಯರಲ್ಲಿ ಅಷ್ಟು ಬೇಗ ಅಲ್ಲಿಗೆ ತಲುಪಿದವರು ಅದುವರೆಗೆ ಯಾರೂ ಇರಲಿಲ್ಲ. ಶ್ರೀಲಂಕಾ ಪ್ರವಾಸದಲ್ಲಿ ಕೊಲಂಬೊ ಟೆಸ್ಟ್ ಗೆದ್ದಾಗ ಅದು 1986ರ ನಂತರ ವಿದೇಶದಲ್ಲಿ ಭಾರತಕ್ಕೆ ದಕ್ಕಿದ ಮೊದಲ ಗೆಲುವು. 1994ರ ಜನವರಿಯಲ್ಲಿ ಲಖನೌದಲ್ಲಿ ಅದೇ ಶ್ರೀಲಂಕಾದ 11 ವಿಕೆಟ್ 128 ರನ್ನಿಗೆ ಸಿಕ್ಕವು.

ಇವೆಲ್ಲದರ ನಡುವೆ ಸಾಮಾನ್ಯ ಜನರ ಮನಸ್ಸಿನಲ್ಲಿ ಕುಂಬ್ಳೆಯನ್ನು ನೆಲೆಗೊಳಿಸಿದ್ದು ಟೆಸ್ಟ್ ಅಲ್ಲ, 1993ರ ನವೆಂಬರ್ 27ರ ರಾತ್ರಿ. ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಹೊನಲು ಬೆಳಕಿನಡಿ ಹೀರೊ ಕಪ್ ಫೈನಲ್. ಭಾರತ ಗಳಿಸಿದ್ದು 225. ವೆಸ್ಟ್ ಇಂಡೀಸ್‌ಗೆ ಅದು ದೊಡ್ಡ ಮೊತ್ತವಲ್ಲ. ಕುಂಬ್ಳೆ ಹಾಕಿದ್ದು 6.1 ಓವರ್, ಕೊಟ್ಟದ್ದು 12 ರನ್, ಪಡೆದದ್ದು 6 ವಿಕೆಟ್. ಎದುರಾಳಿ 123ಕ್ಕೆ ಆಲೌಟ್. ಕೆಳಗೆ ಜಾರುವ ನೇರ ಎಸೆತ ದೀಪದ ಬೆಳಕಿನಲ್ಲಿ ಯಾರ ಕಣ್ಣಿಗೂ ಸಿಗಲಿಲ್ಲ. ಏಕದಿನ ಕ್ರಿಕೆಟ್‌ನಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಸಾಧನೆಯಾಗಿ ಅದು 2014ರವರೆಗೆ ಉಳಿಯಿತು. ಮುರಿದವರೂ ಕರ್ನಾಟಕದವರೇ: ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್ನಿಗೆ 6 ವಿಕೆಟ್ ಕಿತ್ತ ಸ್ಟುವರ್ಟ್ ಬಿನ್ನಿ.

ವೃತ್ತಿಪರ ಕ್ರಿಕೆಟಿಗನ ಬದುಕು ನಿಜವಾಗಿ ಹೇಗಿರುತ್ತದೆ ಎಂಬುದನ್ನು ಕುಂಬ್ಳೆ ಕಂಡದ್ದು 1995ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಕೌಂಟಿಯಲ್ಲಿ. ಬಿಷನ್ ಸಿಂಗ್ ಬೇಡಿ, ಕಪಿಲ್ ದೇವ್ ಹಿಂದೆ ಆಡಿದ್ದ ಕೌಂಟಿ ಅದು. ಒಂದು ಕೌಂಟಿಗೆ ಒಬ್ಬನೇ ವಿದೇಶಿ ಎಂಬ ನಿಯಮವಿತ್ತು. ಆ ಜಾಗದಲ್ಲಿದ್ದ ಕರ್ಟ್ಲಿ ಆಂಬ್ರೋಸ್ ಆ ವರ್ಷ ವೆಸ್ಟ್ ಇಂಡೀಸ್ ತಂಡದೊಂದಿಗೇ ಇಂಗ್ಲೆಂಡ್ ಪ್ರವಾಸಕ್ಕೆ ಬಂದಿದ್ದರಿಂದ ಖಾಲಿಯಾದ ಸ್ಥಾನ ಕುಂಬ್ಳೆಗೆ ಬಂತು. ಭೀಕರ ವೇಗಿಯ ಬದಲು ಚೆಂಡು ತಿರುಗಿಸದ ಸ್ಪಿನ್ನರ್ ಎಂದಾಗ ಕೌಂಟಿಯ ಹಳೆಯ ಸದಸ್ಯರು ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ. ನಾಯಕ ಅಲನ್ ಲ್ಯಾಂಬ್ — ಐದು ವರ್ಷ ಹಿಂದೆ ಮ್ಯಾಂಚೆಸ್ಟರ್‌ನಲ್ಲಿ ಕುಂಬ್ಳೆಯ ಮೊದಲ ಟೆಸ್ಟ್ ವಿಕೆಟ್ ಆದವರು.

ಕೌಂಟಿ ಕ್ರಿಕೆಟ್ ಆಗ ಆಟಕ್ಕಿಂತ ಹೆಚ್ಚಾಗಿ ನೌಕರಿಯಾಗಿತ್ತು. ನಾಲ್ಕು ದಿನದ ಚಾಂಪಿಯನ್‌ಷಿಪ್ ಪಂದ್ಯ, ನಡುವೆ ಭಾನುವಾರದ 40 ಓವರ್ ಲೀಗ್, ನಾಕೌಟ್ ಟೂರ್ನಿಗಳು, ಪಂದ್ಯ ಮುಗಿದ ರಾತ್ರಿಯೇ ಮುಂದಿನ ಊರಿಗೆ ಕಾರು. ಭಾರತದಲ್ಲಿ ರಣಜಿ ಆಟಗಾರ ಇಡೀ ಋತುವಿನಲ್ಲಿ ಹಾಕುತ್ತಿದ್ದ ಓವರ್‌ಗಳನ್ನು ಅಲ್ಲಿ ಕೆಲವೇ ವಾರಗಳಲ್ಲಿ ಹಾಕಬೇಕಾಗುತ್ತಿತ್ತು. ಸಂಬಳ ತೆಗೆದುಕೊಳ್ಳುವ ವಿದೇಶಿಯಾದರೆ ಕೆಟ್ಟ ದಿನಕ್ಕೆ ಕ್ಷಮೆಯೂ ಇರಲಿಲ್ಲ. ಆ ವರ್ಷ ಇಂಗ್ಲೆಂಡಿನಲ್ಲಿ ಅಪರೂಪದ ಬಿಸಿಲು. ಪಿಚ್‌ಗಳು ಒಣಗಿದವು. ಕುಂಬ್ಳೆಗೆ ಪ್ರಥಮ ದರ್ಜೆ ಪಂದ್ಯಗಳಲ್ಲಿ ಸಿಕ್ಕಿದ್ದು 105 ವಿಕೆಟ್; ನೂರರ ಗೆರೆ ದಾಟಿದವರು ಆ ಋತುವಿನಲ್ಲಿ ಇನ್ನೊಬ್ಬರಿಲ್ಲ. ತಂಡ ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ ಮೂರನೆಯ ಸ್ಥಾನಕ್ಕೇರಿತು, ನ್ಯಾಟ್‌ವೆಸ್ಟ್ ಟ್ರೋಫಿಯ ಫೈನಲ್ ತಲುಪಿ ವಾರಿಕ್‌ಷೈರ್‌ಗೆ ಸೋತಿತು. ಮುಂದಿನ ವರ್ಷ ಆಂಬ್ರೋಸ್ ಮರಳಿದರು.

ಊರಿಗೆ ಬಂದ ಕುಂಬ್ಳೆ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ ಆಡಿದ್ದು 21ನೇ ಟೆಸ್ಟ್. ಬಸವನಗುಡಿಯಿಂದ ಬಸ್ಸಿನಲ್ಲಿ ಬರಬಹುದಾದ ಆ ಮೈದಾನದಲ್ಲೇ 100ನೇ ಟೆಸ್ಟ್ ವಿಕೆಟ್ ಬಂತು. ಆ ಹೊತ್ತಿಗೆ ಇದಕ್ಕಿಂತ ಬೇಗ, 20 ಟೆಸ್ಟ್‌ಗಳಲ್ಲಿ, ಆ ಸಂಖ್ಯೆ ಮುಟ್ಟಿದ್ದ ಏಕೈಕ ಭಾರತೀಯ ಇನ್ನೊಬ್ಬ ಬೆಂಗಳೂರಿನ ಎಂಜಿನಿಯರ್, ಪ್ರಸನ್ನ. 1996ರಲ್ಲಿ ವಿಸ್ಡನ್ ವರ್ಷದ ಐವರು ಕ್ರಿಕೆಟಿಗರಲ್ಲಿ ಕುಂಬ್ಳೆಯನ್ನೂ ಎಣಿಸಿತು. ಅದೇ ವರ್ಷ ಉಪಖಂಡದಲ್ಲಿ ನಡೆದ ವಿಶ್ವಕಪ್‌ನಲ್ಲಿ ಅವರು ಪಡೆದದ್ದು 15 ವಿಕೆಟ್. ಟೂರ್ನಿಯಲ್ಲಿ ಅದಕ್ಕಿಂತ ಹೆಚ್ಚು ವಿಕೆಟ್ ಪಡೆದ ಬೌಲರ್ ಯಾರೂ ಇರಲಿಲ್ಲ.